ಫೀಲ್ಡಿಗೆ ಹೆಚ್ಚು ಹೋಗದೆ ಪಳೆಯುಳಿಕೆ ಸಂಶೋಧನೆ ಮಾಡಬಹುದಾ? ಸೆಪ್ಕೋಸ್ಕಿ ಅವರ ಕೆಲಸ ಓದಿದ ಮೇಲೆ ಒಂದು ಪ್ರಶ್ನೆ

ಸಹನಾ_ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಕೊನೇ ವರ್ಷ, ಜಿಯಾಲಜಿ ನನ್ನ ಒಂದು ವಿಷಯ. ಹಳೇ ಕಾಲದ ಸಮುದ್ರಜೀವಿಗಳು, ಅವು ಒಟ್ಟೊಟ್ಟಿಗೆ ಅಳಿದುಹೋದ ಘಟನೆಗಳು, ಇದರ ಮೇಲೆ ಮುಂದೆ ಸಂಶೋಧನೆ ಮಾಡಬೇಕು ಅಂತ ತುಂಬಾ ಆಸೆ. ಆದರೆ ಯಾರ ಹತ್ತಿರ ಹೇಳಿದರೂ ಬರುವುದು ಒಂದೇ ಮಾತು: "ಕರ್ನಾಟಕದಲ್ಲಿ ಕೂತು ಸಮುದ್ರದ ಪಳೆಯುಳಿಕೆ ಎಲ್ಲಿಂದ ತರ್ತೀಯಾ?" ಆ ಮಾತಲ್ಲಿ ಸುಳ್ಳಿಲ್ಲ. ನಮ್ಮ ಸುತ್ತಲಿನ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಚಿಪ್ಪಿರುವ ಪ್ರಾಣಿಗಳು ಸಮುದ್ರದಲ್ಲಿ ಹೆಚ್ಚಾಗಿದ್ದು ಸುಮಾರು 54 ಕೋಟಿ ವರ್ಷದ ಈಚೆಗೆ. ಬಾಗಲಕೋಟೆ ಕಡೆ ಲೋಕಾಪುರದ ಹತ್ತಿರ ಸ್ಟ್ರೊಮಟೊಲೈಟ್ ಸಿಗುತ್ತವೆ, ನೋಡಿದ್ದೇನೆ, ಬಹಳ ಚೆನ್ನಾಗಿವೆ. ಆದರೆ ಅವು ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು. ನಾನು ಕೇಳ್ತಿರೋದು ಟ್ರೈಲೋಬೈಟ್ (ಏಡಿಗಳ ದೂರದ ಬಳಗದ ಹಳೇ ಪ್ರಾಣಿ), ಅಮೋನೈಟ್ (ಸುರುಳಿ ಚಿಪ್ಪಿನದು), ಬ್ರಾಕಿಯೋಪಾಡ್ (ಎರಡು ಚಿಪ್ಪಿನದು) ಇಂಥವುಗಳ ಕಥೆ.

ಮನೆಯಲ್ಲಿ ಅಮ್ಮನ ಆರೋಗ್ಯ ಸರಿ ಇಲ್ಲ. ತಿಂಗಳುಗಟ್ಟಲೆ ಹೊರಗೆ ಕ್ಯಾಂಪ್ ಹಾಕಿ ಇರೋದು ನನಗೆ ಸದ್ಯಕ್ಕೆ ಆಗಲ್ಲ.

ಇತ್ತೀಚೆಗೆ ಜ್ಯಾಕ್ ಸೆಪ್ಕೋಸ್ಕಿ ಅನ್ನೋ ಅಮೆರಿಕದ ವಿಜ್ಞಾನಿಯ ಬಗ್ಗೆ ಓದಿದೆ. ಲೈಬ್ರರಿಯಲ್ಲಿ ಕೂತು ಬೇರೆಯವರು ಬರೆದಿಟ್ಟ ಪಳೆಯುಳಿಕೆಗಳ ಲೆಕ್ಕ ಹಾಕಿ, ಐದು ಮಹಾ ಅಳಿವುಗಳನ್ನ ತೋರಿಸಿದರು ಅಂತ. ಓದಿದಾಗಿನಿಂದ ಇದೇ ತಲೆಯಲ್ಲಿದೆ. ಅದನ್ನ ಆಗ ನಿಜವಾದ ಸಂಶೋಧನೆ ಅಂತ ಒಪ್ಪಿದ್ರಾ? ಈಗ ಅಂಥ ಕೆಲಸಕ್ಕೆ ಜಾಗ ಉಳಿದಿದೆಯಾ, ಅದರಲ್ಲೂ ಇಲ್ಲಿ? ತಿಳಿದವರು ದಯವಿಟ್ಟು ಹೇಳಿ.

ವೆಂಕಟೇಶ್_ಕೆ

ಸಹನಾ ಅವರೇ, ಅದು ನಿಜವಾದ ಸಂಶೋಧನೆಯೇ, ಅದರಲ್ಲಿ ಅನುಮಾನ ಬೇಡ. ಆದರೆ ಅವರು ಕಲ್ಲು ಮುಟ್ಟದೇ ಇದ್ದವರೇನಲ್ಲ. ಹುಟ್ಟಿದ್ದು 1948ರಲ್ಲಿ. ನೋಟರ್ ಡೇಮ್‌ನಲ್ಲಿ ಡಿಗ್ರಿ ಮುಗಿಸಿ, ಹಾರ್ವರ್ಡ್‌ನಲ್ಲಿ ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಹತ್ತಿರ ಪಿಎಚ್‌ಡಿಗೆ ಸೇರಿದರು. ಆ ಪಿಎಚ್‌ಡಿ ಮೊಂಟಾನಾ, ವಯೋಮಿಂಗ್, ಸೌತ್ ಡಕೋಟಾ ಕಡೆಯ ಕ್ಯಾಂಬ್ರಿಯನ್ (ಸುಮಾರು 54 ಕೋಟಿ ವರ್ಷ ಹಿಂದೆ ಶುರುವಾದ ಕಾಲ) ಪದರಗಳ ಮೇಲೆ. ಪೂರಾ ಫೀಲ್ಡ್ ಕೆಲಸ. ಪಟ್ಟಿ ಮಾಡುವುದು ಶುರುವಾಗಿದ್ದು ಗೌಲ್ಡ್ ಅವರಿಗೆ ಸಹಾಯ ಮಾಡಲು ಹೋಗಿ, ಅವರಿಗೆ ಯಾವುದೋ ಲೆಕ್ಕಕ್ಕೆ ಅಂಕಿ ಅಂಶ ಬೇಕಿತ್ತು. ಆಮೇಲೆ ಆ ಪಟ್ಟಿ ಇವರನ್ನ ಬಿಡಲೇ ಇಲ್ಲ. ರಾಚೆಸ್ಟರ್‌ನಲ್ಲಿ ಪಳೆಯುಳಿಕೆ ವಿಜ್ಞಾನಿ ಡೇವಿಡ್ ರಾಪ್ ಜೊತೆ ಕೆಲಸ, 1978ರಿಂದ ಶಿಕಾಗೊ ವಿಶ್ವವಿದ್ಯಾಲಯ, 1999ರಲ್ಲಿ ಐವತ್ತನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ಅಲ್ಲೇ.

ಪಟ್ಟಿ ಅಂದ್ರೆ ಏನು ಅಂತ ಹೇಳ್ತೀನಿ, ಯಾಕಂದ್ರೆ ಕೇಳೋಕೆ ಸುಲಭ ಅನ್ನಿಸುತ್ತೆ. ಸಮುದ್ರದಲ್ಲಿ ಬದುಕಿದ್ದ ಒಂದು ಪ್ರಾಣಿ ಕುಟುಂಬದ (ಅಂದ್ರೆ ಹತ್ತಿರದ ನೆಂಟಸ್ತಿಕೆಯ ಪ್ರಾಣಿಗಳ ಗುಂಪಿನ) ಹೆಸರು. ಅದರ ಮುಂದೆ ಎರಡೇ ಮಾಹಿತಿ: ಮೊದಲು ಕಾಣಿಸಿಕೊಂಡ ಕಾಲಘಟ್ಟ, ಕೊನೆಗೆ ಕಾಣಿಸಿದ ಕಾಲಘಟ್ಟ. ಅಷ್ಟೇ ಒಂದು ಸಾಲು. ಆ ಒಂದು ಸಾಲಿಗೆ ಎಷ್ಟು ಓದಬೇಕು ಯೋಚಿಸಿ. ಅಕಶೇರುಕಗಳ ಮೇಲಿನ ಇಂಗ್ಲಿಷ್ ಮಹಾಸಂಪುಟಗಳು, ರಷ್ಯನ್ ಭಾಷೆಯ ದೊಡ್ಡ ಆಕರ ಗ್ರಂಥಗಳು, ನೂರಾರು ಜರ್ನಲ್‌ಗಳ ಹಳೇ ಸಂಚಿಕೆಗಳು. ಒಂದೇ ಪ್ರಾಣಿಗೆ ಇಬ್ಬರು ಬೇರೆ ಬೇರೆ ಹೆಸರಿಟ್ಟಿರುತ್ತಾರೆ. ಒಂದು ದೇಶದ ಕಾಲಘಟ್ಟದ ಹೆಸರು ಇನ್ನೊಂದು ದೇಶದ್ದಕ್ಕೆ ಸರಿಯಾಗಿ ಹೊಂದಲ್ಲ. ಒಬ್ಬರು "ಪರ್ಮಿಯನ್" ಅಂತ ಮಾತ್ರ (ಅದು ಕೋಟಿಗಟ್ಟಲೆ ವರ್ಷದ ಕಾಲ) ಬರೆದು ಬಿಟ್ಟಿರುತ್ತಾರೆ, ಪರ್ಮಿಯನ್‌ನ ಮೊದಲೋ ಕೊನೆಯೋ ಹೇಳಿರಲ್ಲ, ನಮಗೆ ಬೇಕಾಗಿರುವುದು ಅದೇ. ಇದನ್ನೆಲ್ಲ ಬಿಡಿಸಿ 1982ರಲ್ಲಿ ಪ್ರಕಟಿಸಿದ ಮೊದಲ ಪಟ್ಟಿಯಲ್ಲಿ ಸುಮಾರು 3,500 ಕುಟುಂಬಗಳಿದ್ದವು. ಅಷ್ಟಕ್ಕೆ ನಿಲ್ಲಿಸದೆ ಕುಟುಂಬದಿಂದ ಕೆಳಗೆ ಜೀನಸ್ (ಕುಟುಂಬದೊಳಗಿನ ಚಿಕ್ಕ ಗುಂಪು) ಮಟ್ಟಕ್ಕೆ ಇಳಿದರು. ಆ ಪಟ್ಟಿ 36,000 ಜೀನಸ್ ದಾಟಿತು. ಅವರು ಹೋದ ಮೇಲೆ ಡೇವಿಡ್ ಜಬ್ಲಾನ್‌ಸ್ಕಿ ಮತ್ತು ಮೈಕಲ್ ಫೂಟ್ ಅದನ್ನ ಒಪ್ಪ ಮಾಡಿ 2002ರಲ್ಲಿ ಹೊರತಂದರು.

ಇದರಿಂದ ಬಂದದ್ದೇನು? ಒಂದು, 1981ರಲ್ಲಿ ತೋರಿಸಿದ ಮೂರು ದೊಡ್ಡ ಜೀವಿಸಮೂಹಗಳು. ಮೊದಲು ಟ್ರೈಲೋಬೈಟ್‌ಗಳದೇ ದರ್ಬಾರು. ಆಮೇಲೆ ಬ್ರಾಕಿಯೋಪಾಡ್, ಸಮುದ್ರ ನಕ್ಷತ್ರಗಳ ಬಳಗದ ಕ್ರಿನಾಯ್ಡ್‌ಗಳದು. ಮೂರನೆಯದು ನಮಗೆಲ್ಲ ಗೊತ್ತಿರುವ ಮಳಿ (ಕಪ್ಪೆಚಿಪ್ಪು), ಶಂಖ, ಏಡಿ, ಮೀನುಗಳದು. ಮಲ್ಪೆ ಮೀನು ಮಾರುಕಟ್ಟೆಯಲ್ಲಿ ಇವತ್ತು ಕಾಣುವುದೆಲ್ಲ ಈ ಮೂರನೇ ಗುಂಪಿನದೇ. ಎರಡನೇ ಗುಂಪಿನಿಂದ ಮೂರನೆಯದಕ್ಕೆ ಪಾರುಪತ್ಯ ಕೈಬದಲಾಗಿದ್ದು ಪರ್ಮಿಯನ್ ಕೊನೆಯ ಅಳಿವಿನ ಆಸುಪಾಸಿನಲ್ಲಿ. ಇದು ಯಾವುದೋ ಒಂದು ಬಂಡೆ ಒಡೆದು ನೋಡಿದರೆ ಕಾಣುವ ವಿಷಯ ಅಲ್ಲ, ಇಡೀ ಜಗತ್ತಿನದು ಒಟ್ಟಿಗೆ ಇಟ್ಟರೆ ಮಾತ್ರ ಕಾಣುತ್ತೆ.

ಎರಡು, 1982ರಲ್ಲಿ ರಾಪ್ ಜೊತೆ ಸೇರಿ ಬರೆದ ಚಿಕ್ಕ ಲೇಖನ. ಪ್ರಾಣಿಗಳು ಯಾವಾಗಲೂ ಅಷ್ಟಿಷ್ಟು ಅಳಿಯುತ್ತಲೇ ಇರುತ್ತವೆ, ಅದು ಮಾಮೂಲು ದರ. ಆ ಮಾಮೂಲು ದರದಿಂದ ಎದ್ದು ಕಾಣುವ ಐದು ಸಲ: ಆರ್ಡೊವಿಶಿಯನ್ ಕೊನೆ (ಸುಮಾರು 44.5 ಕೋಟಿ ವರ್ಷ ಹಿಂದೆ), ಡೆವೋನಿಯನ್ ಕೊನೆಯ ಭಾಗ (37.2 ಕೋಟಿ), ಪರ್ಮಿಯನ್ ಕೊನೆ (25.2 ಕೋಟಿ), ಟ್ರಯಾಸಿಕ್ ಕೊನೆ (20.1 ಕೋಟಿ), ಕ್ರಿಟೇಶಿಯಸ್ ಕೊನೆ (6.6 ಕೋಟಿ). ಅಳಿವುಗಳು ನಡೆದಿದ್ದವು ಅನ್ನೋದು ಮೊದಲೇ ಗೊತ್ತಿತ್ತು, ಹೊಸದೇನಲ್ಲ. ಇದು ಸುಮ್ನೆ ಏರಿಳಿತ, ಇದು ಬೇರೆಯದೇ ಅಂತ ಅಳತೆ ಇಟ್ಟು ಹೇಳಿದ್ದು ಇವರು. ಡೆವೋನಿಯನ್‌ನದು ಅವರದೇ ಪರೀಕ್ಷೆಯಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ, ಅದನ್ನೂ ಅವರೇ ಬರೆದಿದ್ದಾರೆ. ನನಗೆ ಅವರ ಬಗ್ಗೆ ಗೌರವ ಬಂದಿದ್ದು ಇಂಥ ಕಡೆಗಳಲ್ಲೇ.

ಒಪ್ಪಿದ್ರಾ ಅಂತ ಕೇಳಿದ್ರಿ. 1983ರಲ್ಲಿ ಯುವ ಪಳೆಯುಳಿಕೆ ವಿಜ್ಞಾನಿಗಳಿಗೆ ಕೊಡುವ ಶೂಕರ್ಟ್ ಪ್ರಶಸ್ತಿ ಬಂತು. ಹಾಗಂತ ಎಲ್ಲರೂ ಒಪ್ಪಿದರು ಅಂತಲ್ಲ. ಪಟ್ಟಿಯಲ್ಲಿ ತಪ್ಪುಗಳಿವೆ ಅನ್ನುವ ತಕರಾರು ಕೊನೆಯವರೆಗೂ ಇತ್ತು.

ಮಂಜುನಾಥ_ಎಸ್

2.6 ಕೋಟಿ ವರ್ಷಕ್ಕೊಮ್ಮೆ ಅಳಿವು ಬರುತ್ತೆ, ಸೂರ್ಯನಿಗೆ ಕಾಣದ ಜೋಡಿ ನಕ್ಷತ್ರ ಇದೆ ಅಂತೆಲ್ಲ ಹಿಂದೆ ಓದಿದ್ದೆ. ಅದೂ ಇವರದೇ ಅಲ್ವಾ? ಅದು ಸುಳ್ಳಾಯ್ತು ಅಂತ ಕೇಳಿದ್ದೇನೆ. ಹಾಗಾದ್ರೆ ಈ ಪಟ್ಟಿ ನಂಬಬಹುದಾ?

ವೆಂಕಟೇಶ್_ಕೆ

ಮಂಜುನಾಥ್ ಸರ್, ಅದರಲ್ಲಿ ಅರ್ಧ ಇವರದು. 1984ರಲ್ಲಿ ರಾಪ್ ಮತ್ತು ಸೆಪ್ಕೋಸ್ಕಿ ಕಳೆದ 25 ಕೋಟಿ ವರ್ಷದ ಅಳಿವುಗಳನ್ನ ನೋಡಿ, ಸರಿಸುಮಾರು 2.6 ಕೋಟಿ ವರ್ಷದ ಲಯ ಕಾಣ್ತಿದೆ ಅಂದರು. ಕಾರಣ ಆಕಾಶದಲ್ಲಿ ಇರಬಹುದು ಅಂತ ಸೂಚಿಸಿದ್ದೂ ಹೌದು. ಅದನ್ನ ಹಿಡಿದು ಖಗೋಳ ವಿಜ್ಞಾನಿಗಳು ಸೂರ್ಯನಿಗೊಂದು ಸಂಗಾತಿ ನಕ್ಷತ್ರ ಇದೆ, ಅದು ಧೂಮಕೇತುಗಳನ್ನ ಇತ್ತ ತಳ್ಳುತ್ತೆ ಅಂತ ಹೊರಟರು, ನೆಮೆಸಿಸ್ ಅಂತ ಹೆಸರೂ ಇಟ್ಟರು. ಮುಂದೆ ಇನ್‌ಫ್ರಾರೆಡ್ ದೂರದರ್ಶಕಗಳಿಂದ ಇಡೀ ಆಕಾಶ ಹುಡುಕಿದರೂ ಅಂಥ ನಕ್ಷತ್ರ ಸಿಗಲಿಲ್ಲ. ಆ ಲಯದ ವಾದವನ್ನ ಇವತ್ತು ಹೆಚ್ಚಿನವರು ಒಪ್ಪಲ್ಲ.

ಆದರೆ ಒಂದು ಮಾತು. ಆ ವಾದವನ್ನ ಪರೀಕ್ಷೆ ಮಾಡೋಕೆ ಸಾಧ್ಯವಾಗಿದ್ದೇ ಪಟ್ಟಿ ಎಲ್ಲರ ಕೈಗೂ ಸಿಗುವ ಹಾಗೆ ಇದ್ದದ್ದರಿಂದ. 1987ರಲ್ಲಿ ಕಾಲಿನ್ ಪ್ಯಾಟರ್ಸನ್ ಮತ್ತು ಆ್ಯಂಡ್ರೂ ಸ್ಮಿತ್ ಮೀನು ಹಾಗೂ ಸಮುದ್ರ ನಕ್ಷತ್ರಗಳ ಬಳಗವನ್ನ ಒಂದೊಂದಾಗಿ ಪರಿಶೀಲಿಸಿ, ಇದರಲ್ಲಿ ನಿಜವಾದ ಅಳಿವಿಗಿಂತ ಗದ್ದಲವೇ (ಗುಂಪು ಮಾಡುವುದರಲ್ಲಿ, ದಾಖಲೆಯಲ್ಲಿ ಆದ ತಪ್ಪುಗಳೇ) ಜಾಸ್ತಿ ಅಂದರು. ಗಟ್ಟಿ ಏಟು ಅದು.

ಸೆಪ್ಕೋಸ್ಕಿ ಸುಮ್ನಿರಲಿಲ್ಲ. ಹತ್ತು ವರ್ಷ ತಿದ್ದಿದ ಹೊಸ ಆವೃತ್ತಿ 1992ರಲ್ಲಿ ಬಂತು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಮರುವರ್ಷ ಅವರೇ ಹೋಲಿಸಿ ಬರೆದರು. ಸುಮಾರು ಅರ್ಧದಷ್ಟು ಮಾಹಿತಿ ಬದಲಾಗಿತ್ತು. ಆದರೆ ಯಾವ ಕಾಲದಲ್ಲಿ ಎಷ್ಟು ಕುಟುಂಬಗಳಿದ್ದವು ಅಂತ ತೋರಿಸುವ ಒಟ್ಟು ರೇಖೆಯ ಆಕಾರ ಹೆಚ್ಚುಕಮ್ಮಿ ಹಾಗೇ ಇತ್ತು, ಅಳಿವುಗಳ ಹಳ್ಳ ಅದದೇ ಜಾಗದಲ್ಲಿ. 2000ದಲ್ಲಿ ಎಡ್ರೇನ್ ಮತ್ತು ವೆಸ್ಟ್ರಾಪ್ ಟ್ರೈಲೋಬೈಟ್‌ಗಳ ಭಾಗವನ್ನ ಹೊಸದಾಗಿ ಪರಿಶೀಲಿಸಿದಾಗಲೂ ತಪ್ಪುಗಳು ಬಹಳ ಸಿಕ್ಕವು. ಅವು ಯಾವುದೇ ಒಂದು ಕಡೆಗೆ ವಾಲಿರಲಿಲ್ಲ, ಹಾಗಾಗಿ ಒಟ್ಟು ಚಿತ್ರ ಕೆಡಲಿಲ್ಲ. ಐದು ಅಳಿವುಗಳನ್ನ ನಂಬೋದಕ್ಕೂ 2.6 ಕೋಟಿಯ ಲಯವನ್ನ ನಂಬೋದಕ್ಕೂ ವ್ಯತ್ಯಾಸ ಇರೋದು ಇಲ್ಲೇ. ದೊಡ್ಡ ಆಕಾರಕ್ಕೆ ಈ ತಪ್ಪುಗಳು ತೊಂದರೆ ಕೊಡಲ್ಲ, ಸೂಕ್ಷ್ಮ ಲಯಕ್ಕೆ ಕೊಡುತ್ತವೆ.

ಶಿಲಾಪದರ

ಮೇಲಿನ ಉತ್ತರಗಳು ಚೆನ್ನಾಗಿವೆ. ಆದರೂ ಸಹನಾ, ಅಕ್ಕನ ಹಾಗೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಫೀಲ್ಡ್ ಪೂರ್ತಿ ಬಿಡಬೇಡ. ತಿಂಗಳುಗಟ್ಟಲೆ ಬೇಡ, ಆದರೆ ಒಂದು ಸಲವಾದರೂ ಪದರದ ಮುಂದೆ ನಿಂತು ನೋಡು.

ಧಾರವಾಡದಲ್ಲಿ ಇಲ್ಲ ಅಂದ್ರೆ ರೈಲು ಹತ್ತು. ತಮಿಳುನಾಡಿನ ಅರಿಯಲೂರು, ಪೆರಂಬಲೂರು ಜಿಲ್ಲೆಗಳಲ್ಲಿ ಕ್ರಿಟೇಶಿಯಸ್ ಕಾಲದ ಸಮುದ್ರದ ಪದರಗಳಿವೆ. ಕಾರೈ ಅನ್ನುವ ಊರಿನ ಹತ್ತಿರ ನೆಲ ಪೂರಾ ಕೊರಕಲು, ಗಿಡಮರ ಕಡಿಮೆ, ಜೇಡಿಯ ನಡುವೆ ಜಿಪ್ಸಮ್ ಎಳೆಗಳು ಬಿಸಿಲಿಗೆ ಮಿನುಗುತ್ತವೆ. ಅಲ್ಲಿ ಬೆಲೆಮ್ನೈಟ್‌ಗಳು ಜೇಡಿಯಿಂದ ಕಳಚಿ ನೆಲದ ಮೇಲೇ ಬಿದ್ದಿರುತ್ತವೆ. ಬೆರಳುದ್ದ, ಒಂದು ತುದಿ ಚೂಪು, ಜೇನಿನ ಬಣ್ಣ. ಮುರಿದ ತುದಿ ನೋಡಿದ್ರೆ ನಡುವಿನಿಂದ ಹೊರಕ್ಕೆ ಹರಡಿದ ಸಣ್ಣ ಸಣ್ಣ ಹರಳು ಗೆರೆಗಳು ಕಾಣುತ್ತವೆ. ಇವು ಈಗಿನ ಸ್ಕ್ವಿಡ್ ಅಂದ್ರೆ ಬೊಂಡಾಸ್‌ನ ದೂರದ ನೆಂಟರು. ಅಮೋನೈಟ್‌ಗಳ ಜೊತೆಗೆ ಇವುಗಳ ವಂಶವೂ ಕ್ರಿಟೇಶಿಯಸ್ ಕೊನೆಗೆ ಮುಗಿಯಿತು. ಅಲ್ಲಿ ಹೋದ್ರೆ ಕಲ್ಲು ಬಾಚಿಕೊಂಡು ಬರಬೇಡ, ಸ್ಥಳೀಯ ಅನುಮತಿ ಕೇಳಿ, ಜಾಗ ಗುರುತು ಮಾಡಿ, ಫೋಟೋ ತೆಗಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಪಳೆಯುಳಿಕೆಯಿಂದ ಯಾರಿಗೂ ಉಪಯೋಗ ಇಲ್ಲ.

ಫೀಲ್ಡ್ ಯಾಕೆ ಬೇಕು ಅಂದ್ರೆ, ಪಟ್ಟಿಯಲ್ಲಿ "ಕೊನೆಗೆ ಕಂಡದ್ದು" ಅಂತ ಬರೆದಿರೋದು ಆ ಪ್ರಾಣಿ ಸತ್ತ ದಿನ ಅಲ್ಲ. ಜಾತ್ರೆಯಲ್ಲಿ ಯಾರೋ ಆಗಾಗ ಒಂದೊಂದು ಫೋಟೋ ತೆಗೆದಿದ್ದಾರೆ ಅಂತಿಟ್ಕೋ. ಬಳೆ ಅಂಗಡಿ ನೂರಿದ್ದರೆ ಕೊನೇ ಫೋಟೋದಲ್ಲೂ ಒಂದಾದರೂ ಕಾಣುತ್ತೆ. ಒಂದೇ ಒಂದು ಇದ್ದ ಕೊಳಲು ಮಾರುವವನು ಕೊನೇವರೆಗೂ ಅಲ್ಲೇ ಇದ್ದರೂ, ಅವನ ಕೊನೇ ಫೋಟೋ ಹಿಂದಿನ ದಿನದ್ದಿರಬಹುದು. ಪಳೆಯುಳಿಕೆಯಲ್ಲೂ ಹಾಗೇ. ಅಪರೂಪದ ಪ್ರಾಣಿಗಳು ಅಳಿವಿಗೆ ಮುಂಚೆಯೇ ಮಾಯವಾದ ಹಾಗೆ ಕಾಣುತ್ತವೆ, ಹಠಾತ್ ಅಳಿವು ನಿಧಾನವಾಗಿ ನಡೆದಂತೆ ತೋರುತ್ತೆ. 1982ರಲ್ಲಿ ಸಿಗ್ನರ್ ಮತ್ತು ಲಿಪ್ಸ್ ಅನ್ನುವವರು ಇದನ್ನ ಬಿಡಿಸಿ ಹೇಳಿದರು, ಅವರ ಹೆಸರಲ್ಲೇ ಈಗ ಕರೀತಾರೆ. ಪದರದ ಮುಂದೆ ನಿಂತು, ಎಷ್ಟು ಮೀಟರ್ ಕಲ್ಲಿನಲ್ಲಿ ಏನೂ ಸಿಗಲಿಲ್ಲ ಅಂತ ಕಣ್ಣಾರೆ ನೋಡಿದವರಿಗೆ ಇದು ಮರೆಯಲ್ಲ. ಬರೀ ಸ್ಪ್ರೆಡ್‌ಶೀಟ್ ನೋಡಿದವರು ಮರೀತಾರೆ.

ಇನ್ನೊಂದು. ಅರಿಯಲೂರಿನ ಪ್ರಾಣಿಗಳ ಹೆಸರುಗಳಲ್ಲಿ ಬಹಳಷ್ಟನ್ನ ಕೊಟ್ಟವರು ಫರ್ಡಿನಾಂಡ್ ಸ್ಟೊಲಿಚ್ಕ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಇದ್ದವರು, 1860 ಮತ್ತು 70ರ ದಶಕದಲ್ಲಿ. ಯಾರ್ಕಂದ್‌ನಿಂದ ವಾಪಸ್ ಬರುವ ದಾರಿಯಲ್ಲಿ 1874ರಲ್ಲಿ ಲಡಾಖ್‌ನಲ್ಲೇ ತೀರಿಕೊಂಡರು. ಅಂಥವರು ಬರೆದಿಟ್ಟ ಹೆಸರುಗಳೇ ಪಟ್ಟಿಗಳಿಗೆ ಹೋಗುತ್ತವೆ. ಅದರಲ್ಲಿ ಎಷ್ಟು ಈಗಲೂ ಸರಿ, ಎಷ್ಟು ತಿದ್ದಬೇಕು ಅನ್ನೋದನ್ನ ಯಾರಾದರೂ ಕೂತು ನೋಡಲೇಬೇಕು. ಅದು ನಿನ್ನಂಥವರೇ ಮಾಡಬಹುದಾದ ಕೆಲಸ.

ಪ್ರಸಾದ್_ಎರ್ಲಾಂಗೆನ್

ನಾನು ಇಲ್ಲಿ ಜರ್ಮನಿಯಲ್ಲಿ ಇದೇ ಥರದ ಡೇಟಾ ಜೊತೆ ಕೆಲಸ ಮಾಡ್ತೀನಿ. ಈಗ ಜಾಗ ಇದೆಯಾ ಅನ್ನೋ ಪ್ರಶ್ನೆಗೆ: ಇದೆ, ಮೊದಲಿಗಿಂತ ಜಾಸ್ತಿ.

1990ರ ದಶಕದ ಕೊನೆಯಲ್ಲಿ ಪೇಲಿಯೋಬಯಾಲಜಿ ಡೇಟಾಬೇಸ್ ಶುರುವಾಯ್ತು. ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಸೆಪ್ಕೋಸ್ಕಿ ಪಟ್ಟಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ಏನಂದ್ರೆ, ಅವರದರಲ್ಲಿ ಆರಂಭ ಮತ್ತು ಕೊನೆ ಎರಡೇ ಇತ್ತು. ಇದರಲ್ಲಿ ಪ್ರತಿ ಪಳೆಯುಳಿಕೆ ಯಾವ ಜಾಗದ ಯಾವ ಪದರದಲ್ಲಿ ಸಿಕ್ಕಿತು ಅಂತ ಬೇರೆ ಬೇರೆ ದಾಖಲೆ. ಹಾಗಾಗಿ ಒಂದು ಕಾಲದ ಬಂಡೆಗಳನ್ನ ಜಾಸ್ತಿ ಹುಡುಕಿದ್ದಾರೆ, ಇನ್ನೊಂದರದ್ದನ್ನ ಕಡಿಮೆ ಹುಡುಕಿದ್ದಾರೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡು ಸಮ ಮಾಡಬಹುದು. ಜಾನ್ ಆಲ್ರಾಯ್ ಮತ್ತು ಜೊತೆಗಾರರು 2008ರಲ್ಲಿ ಹೀಗೆ ಮಾಡಿದಾಗ, ಈಚಿನ ಕಾಲಕ್ಕೆ ಬಂದಂತೆ ಸಮುದ್ರಜೀವಿಗಳ ವೈವಿಧ್ಯ ಏರಿದ್ದು ಸೆಪ್ಕೋಸ್ಕಿ ರೇಖೆಯಲ್ಲಿ ಕಂಡಷ್ಟು ದೊಡ್ಡದಲ್ಲ ಅಂತ ಗೊತ್ತಾಯ್ತು. ಪರ್ಮಿಯನ್ ಕೊನೆಯಂಥ ದೊಡ್ಡ ಅಳಿವುಗಳು ಮಾತ್ರ ಉಳಿದವು.

2020ರಲ್ಲಿ ಚೀನಾದವರು ಇನ್ನೂ ಮುಂದೆ ಹೋದರು. 11,000ಕ್ಕೂ ಹೆಚ್ಚು ಪ್ರಭೇದಗಳು, 3,000ಕ್ಕೂ ಹೆಚ್ಚು ಜಾಗಗಳ ಪದರ ಮಾಹಿತಿ, ಅದನ್ನ ಸೂಪರ್ ಕಂಪ್ಯೂಟರಿಗೆ ಹಾಕಿ ಸುಮಾರು 26,000 ವರ್ಷದಷ್ಟು ಸೂಕ್ಷ್ಮ ಮಟ್ಟದಲ್ಲಿ ವೈವಿಧ್ಯದ ರೇಖೆ ತೆಗೆದರು. ಸೆಪ್ಕೋಸ್ಕಿ ಕಾಲದಲ್ಲಿ ಒಂದೊಂದು ಕಾಲಘಟ್ಟವೂ ಲಕ್ಷಾಂತರ ವರ್ಷಗಳದ್ದು. ಚೀನಾದವರಿಗೆ ಅದು ಸಾಧ್ಯವಾಗಿದ್ದು ಅವರ ದೇಶದ ಪದರಗಳ ದಾಖಲೆಯನ್ನ ಅವರೇ ಕೂತು ಡಿಜಿಟಲ್ ಮಾಡಿದ್ದರಿಂದ.

ನಮ್ಮದು? 2022ರಲ್ಲಿ ಬಂದ ಒಂದು ಅಧ್ಯಯನ ಆ ಡೇಟಾಬೇಸ್‌ನ ಕಳೆದ 30 ವರ್ಷದ ದಾಖಲೆಗಳನ್ನ ನೋಡಿ, ಅದರಲ್ಲಿ 97% ಮಾಹಿತಿ ಶ್ರೀಮಂತ ಮತ್ತು ಮೇಲ್‌ಮಧ್ಯಮ ಆದಾಯದ ದೇಶಗಳ ಸಂಶೋಧಕರದು ಅಂತ ತೋರಿಸಿತು. ಜಗತ್ತಿನ ಸಮುದ್ರಜೀವಿಗಳ ಇತಿಹಾಸ ಅಂತ ನಾವು ಕರೆಯುವುದರಲ್ಲಿ ಯಾರು ಬರೆದರು ಅನ್ನೋದರ ಪಾತ್ರವೂ ಅಷ್ಟಿದೆ. ಇದನ್ನ ಓದಿದಾಗ ನನಗೆ ನಿಜವಾಗಲೂ ಸಂಕಟ ಆಯ್ತು. ಸೆಪ್ಕೋಸ್ಕಿ ಹೆಸರಲ್ಲಿ ಪೂರ್ವ ಯುರೋಪ್ ಮತ್ತು ಹಳೇ ಸೋವಿಯತ್ ದೇಶಗಳ ಸಂಶೋಧಕರಿಗೆ ಅಂತ ಅನುದಾನ ಶುರುವಾಗಿತ್ತು. ದುಡ್ಡಿಲ್ಲದ ದೇಶಗಳ ಸಂಶೋಧಕರು ಕೆಲಸ ನಿಲ್ಲಿಸಿದರೆ ಎಲ್ಲರಿಗೂ ನಷ್ಟ ಅನ್ನುವ ಕಾಳಜಿ ಅದರ ಹಿಂದೆ ಇದೆ.

ಸಹನಾ, ಆರ್ (R, ಅಂಕಿ ಅಂಶ ವಿಶ್ಲೇಷಣೆಯ ಕಂಪ್ಯೂಟರ್ ಭಾಷೆ) ಪ್ರೋಗ್ರಾಮಿಂಗ್ ಕಲಿಯಿರಿ, ಮನೆಯಲ್ಲೇ ಕೂತು ಕಲಿಯಬಹುದು. ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ತಗೊಳ್ಳಿ. ಎಂಎಸ್ಸಿ ಆದಮೇಲೆ ಲಖನೌದಲ್ಲಿ ಪಳೆಯುಳಿಕೆ ಸಂಶೋಧನೆಯ ಬೀರಬಲ್ ಸಾಹ್ನಿ ಸಂಸ್ಥೆ ಇದೆ, ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಲ್ಲಿ ಕಛ್‌ನ ಚಿಪ್ಪುಗಳ ಮೇಲೆ ಕೆಲಸ ಮಾಡುವವರಿದ್ದಾರೆ.

ಸಹನಾ_ಧಾರವಾಡ

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ, ನಿಮ್ಮ ಮಾತು ಒಪ್ಪಿದೆ, ಅಮ್ಮ ಸ್ವಲ್ಪ ಸುಧಾರಿಸಿದ ಮೇಲೆ ಕಾರೈಗೆ ಹೋಗಿ ಬರ್ತೀನಿ.

ಪ್ರಸಾದ್ ಸರ್, ನಿನ್ನೆಯೇ ಡೇಟಾಬೇಸ್ ತೆರೆದು ನೋಡಿದೆ. ಪರ್ಮಿಯನ್ ಕೊನೆಯ ಬ್ರಾಕಿಯೋಪಾಡ್‌ಗಳನ್ನ ತಗೊಳ್ಳೋಣ ಅನ್ನಿಸ್ತಿದೆ, ಸ್ಪಿತಿ ಮತ್ತು ಕಾಶ್ಮೀರದವು ಮಾತ್ರ. ಭೂವೈಜ್ಞಾನಿಕ ಸರ್ವೇಕ್ಷಣೆಯ ಹಳೇ ಸಂಪುಟಗಳಲ್ಲಿ ಇರುವುದು ಡೇಟಾಬೇಸ್‌ನಲ್ಲಿ ಎಷ್ಟು ಬಂದಿದೆ, ಎಷ್ಟು ಬಿಟ್ಟುಹೋಗಿದೆ ಅಂತ ನೋಡೋದು. ಇದು ತೀರಾ ಚಿಕ್ಕದಾಯ್ತಾ? ಹಳೇ ಹೆಸರುಗಳನ್ನ ಹೇಗೆ ನಿಭಾಯಿಸೋದು?

ವೆಂಕಟೇಶ್_ಕೆ

ಚಿಕ್ಕದಲ್ಲ, ಸರಿಯಾದ ಗಾತ್ರ. ಜಾಗವೂ ಒಳ್ಳೇದು. ಶ್ರೀನಗರದ ಹತ್ತಿರದ ಗುರ್ಯುಲ್ ಕಣಿವೆ ಪರ್ಮಿಯನ್-ಟ್ರಯಾಸಿಕ್ ಗಡಿಗೆ ಜಾಗತಿಕ ಮಾನದಂಡ ಆಗಬಹುದಾಗಿದ್ದ ಜಾಗಗಳಲ್ಲಿ ಒಂದು. 2001ರಲ್ಲಿ ಅದು ಚೀನಾದ ಮೇಶಾನ್‌ಗೆ ಹೋಯ್ತು. ಅದಕ್ಕೂ ಮುಂಚೆ ಬಹಳ ಕಾಲ ಈ ಗಡಿಯನ್ನ ಗುರುತಿಸುತ್ತಿದ್ದದ್ದೇ ಓಟೊಸೆರಾಸ್ ಅನ್ನೋ ಅಮೋನೈಟ್ ಗುಂಪಿನ ಪ್ರಾಣಿಯಿಂದ. ಅದರ ಹಿಮಾಲಯದ ಪ್ರಭೇದಕ್ಕೆ ಹೆಸರಿಟ್ಟಿದ್ದು ಸರ್ವೇಯ ಗ್ರೀಸ್‌ಬಾಕ್, 1880ರಲ್ಲಿ.

ಹಿಮಾಲಯದ ಪಳೆಯುಳಿಕೆಗಳ ಮೇಲೆ ಕಾರ್ಲ್ ಡೀನರ್ ಬರೆದ ಸಂಪುಟಗಳು ಸ್ಕ್ಯಾನ್ ಆಗಿ ಸಿಗುತ್ತವೆ, ಅಲ್ಲಿಂದ ಶುರು ಮಾಡಿ. ಹಳೇ ಪುಸ್ತಕದಲ್ಲಿ "ಪ್ರೊಡಕ್ಟಸ್ ಶೇಲ್" ಅಂತ (ಪ್ರೊಡಕ್ಟಸ್ ಅನ್ನೋ ಬ್ರಾಕಿಯೋಪಾಡ್ ಸಿಗುವ ಪದರಕ್ಕೆ ಆಗಿನ ಹೆಸರು) ಇದ್ದರೆ ಅದನ್ನ ತಕ್ಷಣ ಇವತ್ತಿನ ಕಾಲಘಟ್ಟಕ್ಕೆ ಬದಲಾಯಿಸಬೇಡಿ. ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಒಂದು ಕಾಲಂನಲ್ಲಿ ಇರಲಿ, ಈಗಿನ ಪದರದ ಹೆಸರು ಇನ್ನೊಂದರಲ್ಲಿ, ನೀವು ತೀರ್ಮಾನಿಸಿದ ಕಾಲ ಮೂರನೆಯದರಲ್ಲಿ, ಯಾಕೆ ಹಾಗೆ ತೀರ್ಮಾನಿಸಿದ್ರಿ ಅನ್ನೋದು ನಾಲ್ಕನೆಯದರಲ್ಲಿ. ಪ್ರಾಣಿಯ ಹೆಸರಿಗೂ ಹೀಗೇ. "ಪ್ರೊಡಕ್ಟಸ್" ಅಂತ ಆಗ ಕರೆದವು ಈಗ ಎಷ್ಟೋ ಬೇರೆ ಬೇರೆ ಜೀನಸ್‌ಗಳಾಗಿ ಒಡೆದಿವೆ, ಚಿತ್ರ ನೋಡದೆ ಹೊಸ ಹೆಸರು ಹಾಕೋಕೆ ಹೋಗಬೇಡಿ. ಮಾದರಿಯ ನಂಬರ್ ಕೊಟ್ಟಿದ್ದರೆ ಖಂಡಿತ ಬರ್ಕೊಳ್ಳಿ. ಅಂಥ ಮಾದರಿಗಳು ಕೋಲ್ಕತ್ತದ ಸರ್ವೇ ಸಂಗ್ರಹದಲ್ಲಿವೆ, ಮುಂದೆ ಯಾವತ್ತಾದರೂ ಹೋಗಿ ನೋಡುವಾಗ ಆ ನಂಬರ್ ಇಲ್ಲದಿದ್ದರೆ ಹುಡುಕೋದು ಕಷ್ಟ.

ಮೊದಲು ಒಂದೇ ಕುಟುಂಬ ತಗೊಂಡು ಮುಗಿಸಿ, ಶೀಟ್ ಇಲ್ಲಿ ಹಾಕಿ. ನಾನೂ ನೋಡ್ತೀನಿ, ಶಿಲಾಪದರ ಮೇಡಂ ಕೂಡ ಕಣ್ಣಾಡಿಸಿದರೆ ಒಳ್ಳೇದು.